ಡೆಟ್ರಾಯಿಟ್‌ನ 13 ಕ್ಷೇತ್ರಗಳು: ನಕ್ಷೆಯನ್ನು ಪ್ರಶ್ನಿಸುವ ಹಕ್ಕು

ಅಮೆರಿಕದ ಡೆಟ್ರಾಯಿಟ್ ನಗರದ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮಂದಿ ಕಪ್ಪು ವರ್ಣೀಯರು. ಆದರೂ 2023ರ ಜನವರಿಯಲ್ಲಿ ಹೊಸ ಸಂಸತ್ತಿನ ಕೆಳಮನೆ ಸೇರಿದಾಗ ಆ ನಗರದ ಪರವಾಗಿ ಒಬ್ಬ ಕಪ್ಪು ಸದಸ್ಯರೂ ಅಲ್ಲಿರಲಿಲ್ಲ. 1955ರಿಂದ ಈಚೆಗೆ ಹಾಗಾದದ್ದು ಅದೇ ಮೊದಲು. ನಗರದ ದೊಡ್ಡ ಭಾಗವಿರುವ 13ನೇ ಕ್ಷೇತ್ರದಲ್ಲಿ ಗೆದ್ದವರು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್. ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಮೊದಲ ಸುತ್ತಿನಲ್ಲಿ, ಒಂಬತ್ತು ಮಂದಿ ಕಣದಲ್ಲಿದ್ದರು. ಕಪ್ಪು ಅಭ್ಯರ್ಥಿಗಳೇ ಹಲವರಿದ್ದು ಮತ ಹಂಚಿಹೋಯಿತು; ಥಾಣೇದಾರ್ ಶೇ. 28ರಷ್ಟು ಮತ ಪಡೆದು ಮುಂದೆ ಬಂದರು. ಅದರಲ್ಲಿ ಅಕ್ರಮವೇನೂ ಇಲ್ಲ. ಆದರೆ ಅದೇ ನಗರವನ್ನು ಮಿಷಿಗನ್ ರಾಜ್ಯ ಶಾಸನಸಭೆಯ ಕ್ಷೇತ್ರಗಳಾಗಿ ಕತ್ತರಿಸಿದ ರೀತಿಯಲ್ಲಿ ಸಂವಿಧಾನದ ಉಲ್ಲಂಘನೆಯಾಗಿತ್ತು. ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಿದವರು ಡೆಟ್ರಾಯಿಟ್‌ನ 19 ಮಂದಿ ಕಪ್ಪು ನಿವಾಸಿಗಳು.

ನಮ್ಮ ಓದುಗರಿಗೆ ಒಂದು ವ್ಯತ್ಯಾಸ ಮೊದಲೇ ತಿಳಿದಿರಬೇಕು. ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಐದು ಪರಿಶಿಷ್ಟ ಜಾತಿಗೆ, ಎರಡು ಪರಿಶಿಷ್ಟ ಪಂಗಡಕ್ಕೆ ಮೀಸಲು. ಕೋಲಾರದಲ್ಲೋ ರಾಯಚೂರಿನಲ್ಲೋ ಮತ ಹಾಕುವವರು ಎಲ್ಲ ಜಾತಿಯವರು, ಕಣಕ್ಕಿಳಿಯುವವರು ಮಾತ್ರ ಆ ಸಮುದಾಯದವರು. ಅಮೆರಿಕದಲ್ಲಿ ಇಂಥ ಮೀಸಲು ಕ್ಷೇತ್ರವಿಲ್ಲ, ಯಾವ ಸಮುದಾಯದವರು ಯಾವ ಕ್ಷೇತ್ರದಲ್ಲಾದರೂ ಸ್ಪರ್ಧಿಸಬಹುದು. ಅಲ್ಲಿನ ಕಾನೂನು ಕಾಯುವುದು ಮತದಾರರನ್ನು: ತಮಗೆ ಬೇಕಾದವರನ್ನು ಗೆಲ್ಲಿಸಿಕೊಳ್ಳಲು ಕಪ್ಪು ಮತದಾರರಿಗೆ ಉಳಿದವರಷ್ಟೇ ಅವಕಾಶ ಇರಬೇಕು. ಹಾಗಾಗಿ ಅಲ್ಲಿ ಎಲ್ಲವೂ ಗೆರೆಯ ಮೇಲೆ ನಿಂತಿದೆ. ಒಂದು ಸಮುದಾಯವನ್ನು ನಾಲ್ಕಾರು ಕ್ಷೇತ್ರಗಳಿಗೆ ಚೂರು ಚೂರಾಗಿ ಹಂಚಿದರೆ ಎಲ್ಲೂ ಅದರ ಮಾತು ನಡೆಯದು. ಒಂದೇ ಕ್ಷೇತ್ರಕ್ಕೆ ಎಲ್ಲರನ್ನೂ ತುರುಕಿದರೆ ಅಲ್ಲೊಂದು ಸೀಟು ಖಚಿತ, ಸುತ್ತಲಿನವು ಕೈತಪ್ಪುತ್ತವೆ. 1957ರಲ್ಲಿ ಅಲಬಾಮದ ಟಸ್ಕೀಗಿ ಪಟ್ಟಣದ ಚೌಕಾಕಾರದ ಗಡಿಯನ್ನು 28 ಬಾಹುಗಳ ಆಕೃತಿಯಾಗಿ ಬದಲಿಸಿದರು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಉಳಿದವರೆಲ್ಲ ಪಟ್ಟಣದ ಹೊರಗೆ ಬಿದ್ದರು. 1960ರಲ್ಲಿ ಸುಪ್ರೀಂ ಕೋರ್ಟ್ ಆ ಗಡಿಯ ವಿರುದ್ಧ ತೀರ್ಪು ಕೊಟ್ಟಿತು.

ಡೆಟ್ರಾಯಿಟ್‌ನಲ್ಲಿ ನಡೆದದ್ದು ಅಷ್ಟು ನಿರ್ಲಜ್ಜ ಕೆಲಸವಲ್ಲ. ಅದಕ್ಕಾಗಿಯೇ ಅದರಿಂದ ಕಲಿಯುವುದು ಹೆಚ್ಚಿದೆ. ಕ್ಷೇತ್ರ ಮರುವಿಂಗಡಣೆಯನ್ನು ರಾಜಕಾರಣಿಗಳ ಕೈಯಿಂದ ಬಿಡಿಸಬೇಕೆಂದು ಮಿಷಿಗನ್‌ನ ಮತದಾರರು 2018ರಲ್ಲಿ ರಾಜ್ಯ ಸಂವಿಧಾನವನ್ನೇ ತಿದ್ದಿದರು. 13 ಮಂದಿ ಸಾಮಾನ್ಯ ನಾಗರಿಕರ ಸ್ವತಂತ್ರ ಆಯೋಗ ಬಂತು: ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಐವರು ಯಾವ ಪಕ್ಷಕ್ಕೂ ಸೇರದವರು. 2021ರ ಡಿಸೆಂಬರ್‌ನಲ್ಲಿ ಆಯೋಗ ಹೊಸ ನಕ್ಷೆಗಳನ್ನು ಅಂಗೀಕರಿಸಿತು. ಡೆಟ್ರಾಯಿಟ್‌ನ ಉತ್ತರದ ಅಂಚು ಎಯ್ಟ್ ಮೈಲ್ ರಸ್ತೆ. ರಸ್ತೆಯ ಈಚೆ ಕಪ್ಪು ಜನರ ನಗರ, ಆಚೆ ಬಹುತೇಕ ಬಿಳಿಯರ ಉಪನಗರಗಳು. ಹೊಸ ನಕ್ಷೆಯಲ್ಲಿ ಆ ರಸ್ತೆಯನ್ನು ದಾಟಿ ಓಕ್ಲೆಂಡ್, ಮಕೋಂಬ್ ಕೌಂಟಿಗಳ ಒಳಗೆ ಚಾಚಿಕೊಂಡ ಉದ್ದುದ್ದ ಪಟ್ಟಿಗಳು ಕಾಣಿಸಿಕೊಂಡವು. ಹಲವು ಕ್ಷೇತ್ರಗಳಲ್ಲಿ ಕಪ್ಪು ವಯಸ್ಕರ ಪ್ರಮಾಣ ಶೇ. 35ರಿಂದ 45ರ ಆಸುಪಾಸಿಗೆ ಇಳಿಯಿತು. ತಜ್ಞರು ಆಯೋಗಕ್ಕೆ ಕೊಟ್ಟಿದ್ದ ಸಲಹೆಯೇ ಅದು: ಅಷ್ಟಿದ್ದರೆ ಕಪ್ಪು ಮತದಾರರ ಆಯ್ಕೆಯ ಅಭ್ಯರ್ಥಿ ಗೆಲ್ಲುತ್ತಾರೆ.

ತಪ್ಪಿದ್ದು ಇಲ್ಲಿ. ಆ ಲೆಕ್ಕ ಹೆಚ್ಚಾಗಿ ನವೆಂಬರ್‌ನ ಸಾರ್ವತ್ರಿಕ ಚುನಾವಣೆಗಳನ್ನು ನೋಡಿ ಮಾಡಿದ್ದು. ಡೆಟ್ರಾಯಿಟ್ ಸುತ್ತಮುತ್ತ ನವೆಂಬರ್‌ನಲ್ಲಿ ಗೆಲ್ಲುವುದು ಹೇಗೂ ಡೆಮಾಕ್ರಟರೇ. ನಿಜವಾದ ಸ್ಪರ್ಧೆ ಆಗಸ್ಟ್‌ನ ಪ್ರೈಮರಿಯದು. ಅಲ್ಲಿ ಕಪ್ಪು ಮತದಾರರು ಒಬ್ಬರನ್ನು, ಉಪನಗರದ ಬಿಳಿ ಡೆಮಾಕ್ರಟರು ಇನ್ನೊಬ್ಬರನ್ನು ಬಯಸಿದರೆ ಶೇ. 40 ಯಾವ ಮೂಲೆಗೂ ಸಾಲದು. ಸಾರ್ವಜನಿಕ ಸಭೆಗಳಲ್ಲಿ ಡೆಟ್ರಾಯಿಟ್‌ನ ಜನ ಮೈಕಿನ ಮುಂದೆ ನಿಂತು ಆಕ್ಷೇಪ ಎತ್ತಿದ್ದರು. ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆಯೂ ಎಚ್ಚರಿಸಿತ್ತು. ಆಯೋಗ ಕೇಳಲಿಲ್ಲ.

2022ರಲ್ಲಿ ದಾವೆ ಹೂಡಲಾಯಿತು. 2023ರ ಡಿಸೆಂಬರ್ 21ರಂದು ಮೂವರು ಫೆಡರಲ್ ನ್ಯಾಯಾಧೀಶರ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು: ರಾಜ್ಯ ಶಾಸನಸಭೆಯ ಕೆಳಮನೆಯ ಏಳು, ಸೆನೆಟ್‌ನ ಆರು, ಒಟ್ಟು 13 ಕ್ಷೇತ್ರಗಳ ಗೆರೆಯನ್ನು ಮುಖ್ಯವಾಗಿ ಜನಾಂಗ ನೋಡಿಯೇ ಎಳೆಯಲಾಗಿದೆ, ಇದು ಸಂವಿಧಾನದ 14ನೇ ತಿದ್ದುಪಡಿ ಕೊಡುವ ಸಮಾನ ರಕ್ಷಣೆಗೆ ವಿರುದ್ಧ. ಇದಕ್ಕೆ ಸಾಕ್ಷ್ಯ ಎಲ್ಲಿಂದ ಬಂತು? ಆಯೋಗದ್ದೇ ಬಹಿರಂಗ ಸಭೆಗಳ ಸಾವಿರಾರು ಪುಟಗಳ ನಡಾವಳಿಯಿಂದ. ಯಾವ ಬಡಾವಣೆಯನ್ನು ಎತ್ತಿ ಎಲ್ಲಿಗೆ ಸೇರಿಸಿದರೆ ಕಪ್ಪು ವರ್ಣೀಯರ ಶೇಕಡಾವಾರು ಎಷ್ಟಕ್ಕೆ ಇಳಿಯುತ್ತದೆ ಎಂದು ಸದಸ್ಯರೇ ಆಡಿದ ಮಾತುಗಳು ಅಲ್ಲಿ ಅಚ್ಚಾಗಿದ್ದವು. ಅದೇ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆದಿದ್ದರೆ ಈ ಮೊಕದ್ದಮೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಆದ್ದರಿಂದ ನಾಗರಿಕರ ಮೊದಲ ಹಕ್ಕು ಸಭೆಯದು. ಮಿಷಿಗನ್ ಸಂವಿಧಾನದ ಪ್ರಕಾರ ಆಯೋಗದ ಕೆಲಸವೆಲ್ಲ ಬಹಿರಂಗವಾಗಿ ನಡೆಯಬೇಕು. ಕರಡು ಬರೆಯುವ ಮೊದಲು ಕನಿಷ್ಠ 10, ಕರಡು ಪ್ರಕಟವಾದ ಮೇಲೆ ಕನಿಷ್ಠ ಐದು ಸಾರ್ವಜನಿಕ ವಿಚಾರಣೆ, ಅಂತಿಮ ಮತಕ್ಕೆ ಮೊದಲು ಅಭಿಪ್ರಾಯ ಹೇಳಲು 45 ದಿನ ಕಾಲಾವಕಾಶ. 2021ರ ಅಕ್ಟೋಬರ್‌ನಲ್ಲಿ ಆಯೋಗ ಮತದಾನ ಹಕ್ಕು ಕಾಯ್ದೆಯ ಬಗ್ಗೆ ಗುಪ್ತವಾಗಿ ಸಭೆ ಸೇರಿದಾಗ ಪತ್ರಿಕೆಗಳು ಕೋರ್ಟಿಗೆ ಹೋದವು. ಸಭೆಯ ಧ್ವನಿಮುದ್ರಣವನ್ನು ಬಹಿರಂಗಪಡಿಸಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ ಆದೇಶಿಸಿತು. ಸಾರ್ವಜನಿಕರಲ್ಲಿ ಯಾರು ಬೇಕಾದರೂ ತಮ್ಮದೇ ನಕ್ಷೆ ಬರೆದು ಕೊಡಬಹುದು, ಅದು ಸರ್ಕಾರಿ ದಾಖಲೆಯಾಗುತ್ತದೆ. ಇದಕ್ಕೆ ಮತದಾರರಾಗಿರಬೇಕೆಂಬ ಷರತ್ತಿಲ್ಲ. ಟ್ರಾಯ್, ನೋವೈ, ಕ್ಯಾಂಟನ್ ಕಡೆ ಗ್ರೀನ್ ಕಾರ್ಡ್ ಅಥವಾ ವೀಸಾ ಮೇಲೆ ನೆಲೆಸಿರುವ ಕನ್ನಡಿಗರು ಇದನ್ನು ಗಮನಿಸಬೇಕು. ಜನಗಣತಿಯಲ್ಲಿ ನಿಮ್ಮ ಮನೆಯವರೆಲ್ಲ ಎಣಿಕೆಗೆ ಬರುತ್ತಾರೆ, ಕ್ಷೇತ್ರದ ಗಾತ್ರ ನಿರ್ಧಾರವಾಗುವುದು ಆ ಎಣಿಕೆಯ ಮೇಲೆ.

ಸಭೆಯಲ್ಲಿ ಸಿಗುವುದು ಕೆಲವೇ ನಿಮಿಷ. ‘ಈ ನಕ್ಷೆ ಅನ್ಯಾಯ’ ಎಂದಷ್ಟೇ ಹೇಳಿದರೆ ಅದು ಕಡತದಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಕಾನೂನು ನೋಡುವುದು ಸಂಸ್ಕೃತಿ, ಇತಿಹಾಸ, ಆರ್ಥಿಕ ಹಿತ ಹಂಚಿಕೊಂಡ ಜನವಸತಿಯನ್ನು. ಪಕ್ಷದ, ಅಭ್ಯರ್ಥಿಯ ಮಾತು ಅಲ್ಲಿ ಲೆಕ್ಕಕ್ಕಿಲ್ಲ. ಹೀಗೆ ಹೇಳುವುದು ಉತ್ತಮ: ‘ನನ್ನ ಮನೆ ಎಯ್ಟ್ ಮೈಲ್ ರಸ್ತೆಯಿಂದ ಎರಡು ಬೀದಿ ದಕ್ಷಿಣಕ್ಕೆ. ನಮ್ಮ ಮಕ್ಕಳ ಶಾಲೆ, ನಮ್ಮ ಚರ್ಚು, ನೀರಿನ ಬಿಲ್ಲಿನ ಜಗಳ, ಎಲ್ಲ ಡೆಟ್ರಾಯಿಟ್ ನಗರದೊಂದಿಗೆ. ಈ ನಕ್ಷೆ ನಮ್ಮ ಆರು ಬೀದಿಗಳನ್ನು ಕಿತ್ತು ವಾರೆನ್ ನಗರಕ್ಕೆ ಸೇರಿಸಿದೆ. ಇಲ್ಲಿಂದ ಅಲ್ಲಿಯವರೆಗೆ ಗೆರೆ ಸರಿಸಿ.’ ಬೀದಿಯ ಹೆಸರು ಹೇಳಿ, ಬರಹದಲ್ಲೂ ಕೊಡಿ. ಆಯೋಗ ಒಪ್ಪದಿದ್ದರೂ ಆ ಕಾಗದ ಮುಂದೆ ನ್ಯಾಯಾಲಯದಲ್ಲಿ ಮಾತಾಡುತ್ತದೆ.

ಕೋರ್ಟಿಗೆ ಎರಡು ಮುಖ್ಯ ದಾರಿಗಳಿವೆ. ಒಂದು 14ನೇ ತಿದ್ದುಪಡಿ, ಡೆಟ್ರಾಯಿಟ್‌ನವರು ಗೆದ್ದದ್ದು ಇದರಲ್ಲಿ. ಇನ್ನೊಂದು 1965ರ ಮತದಾನ ಹಕ್ಕು ಕಾಯ್ದೆಯ 2ನೇ ಕಲಂ. 1986ರ ಥಾರ್ನ್‌ಬರ್ಗ್ ವಿರುದ್ಧ ಜಿಂಗಲ್ಸ್ ತೀರ್ಪು ಅದಕ್ಕೆ ಮೂರು ಪರೀಕ್ಷೆ ಇಟ್ಟಿತು: ಸಮುದಾಯ ಒಂದು ಕ್ಷೇತ್ರದಲ್ಲಿ ಬಹುಮತವಾಗುವಷ್ಟು ದೊಡ್ಡದಾಗಿ, ಒತ್ತಟ್ಟಿಗೆ ವಾಸಿಸುತ್ತಿರಬೇಕು, ಅದು ಒಗ್ಗಟ್ಟಾಗಿ ಮತ ಹಾಕುತ್ತಿರಬೇಕು, ಬಿಳಿಯ ಬಹುಮತವೂ ಒಟ್ಟಾಗಿ ಮತ ಹಾಕಿ ಅದರ ಆಯ್ಕೆಯನ್ನು ಸಾಮಾನ್ಯವಾಗಿ ಸೋಲಿಸುತ್ತಿರಬೇಕು. ಅಲಬಾಮದ ಪ್ರಕರಣದಲ್ಲಿ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಈ ಪರೀಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಲೂಯಿಸಿಯಾನದ ಕ್ಯಾಲೆ ಪ್ರಕರಣದಲ್ಲಿ, ಕಪ್ಪು ಬಹುಮತದ ಎರಡನೇ ಕ್ಷೇತ್ರವನ್ನು ಉದ್ದೇಶಪೂರ್ವಕವಾಗಿ ಮಾಡುವುದೇ ಸಂವಿಧಾನಬಾಹಿರವೇ ಎಂಬ ಪ್ರಶ್ನೆಯ ಮೇಲೆ ಅದೇ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ಮರುವಾದ ಆಲಿಸಿತು. 2ನೇ ಕಲಂ ನಂಬಿ ದಾವೆಗೆ ಇಳಿಯುವವರು ಆ ಪ್ರಕರಣ ಎಲ್ಲಿಗೆ ಬಂದಿದೆ ಎಂಬುದನ್ನು ವಕೀಲರಿಂದ ಮೊದಲು ಕೇಳಿ ತಿಳಿಯಬೇಕು. ಪಕ್ಷದ ಲಾಭಕ್ಕಾಗಿ ಗೆರೆ ತಿರುಚಿದರು ಎಂಬ ದೂರನ್ನಂತೂ 2019ರ ರೂಚೊ ತೀರ್ಪಿನ ನಂತರ ಫೆಡರಲ್ ಕೋರ್ಟ್‌ಗಳು ಕೇಳುವುದೇ ಇಲ್ಲ. ಜನಾಂಗದ ಗೆರೆಯನ್ನು ಪಕ್ಷದ ಗೆರೆ ಎಂದು ಸಮರ್ಥಿಸಿಕೊಳ್ಳುವ ರಾಜ್ಯಗಳಿಗೆ ಇದು ದೊಡ್ಡ ಗುರಾಣಿಯಾಗಿದೆ, ಇದು ನನ್ನನ್ನು ಬಹಳ ಕಳವಳಗೊಳಿಸುವ ಸಂಗತಿ.

ದಾವೆ ಹೂಡುವವರು ಆಯಾ ಕ್ಷೇತ್ರದಲ್ಲೇ ವಾಸವಿರಬೇಕು. ಹತ್ತು ಕ್ಷೇತ್ರ ಕೆಟ್ಟಿದ್ದರೆ ಹತ್ತರಲ್ಲೂ ಒಬ್ಬೊಬ್ಬ ಫಿರ್ಯಾದಿ ಬೇಕು. ಸಂವಿಧಾನದ ಆಧಾರದ ಮೇಲೆ ರಾಜ್ಯದ ನಕ್ಷೆಯನ್ನು ಪ್ರಶ್ನಿಸಿದರೆ ಮೂವರ ಪೀಠ ಕೇಳುತ್ತದೆ, ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ. ಭಾರತದಲ್ಲಿ 329ನೇ ವಿಧಿ ಇಂಥ ದಾವೆಗೆ ಬಹುಮಟ್ಟಿಗೆ ಬಾಗಿಲು ಹಾಕಿದೆ. ತೀರಾ ಮನಸೋಇಚ್ಛೆಯ ಆದೇಶವಾದರೆ ಪರಿಶೀಲಿಸಬಹುದೆಂದು ನಮ್ಮ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ, ಅಷ್ಟೆ.

ತಡ ಮಾಡಿದರೆ ಗೆದ್ದೂ ಸೋತಂತೆ. ಡೆಟ್ರಾಯಿಟ್‌ನ ಕೆಳಮನೆ ಕ್ಷೇತ್ರಗಳಿಗೆ ‘ಮೋಟೌನ್ ಸೌಂಡ್’ ಹೆಸರಿನ ಹೊಸ ನಕ್ಷೆಗೆ ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಆ ವರ್ಷದ ಚುನಾವಣೆ ಅದರಂತೆಯೇ ನಡೆಯಿತು. ಸೆನೆಟರ್‌ಗಳ ಅವಧಿ ನಾಲ್ಕು ವರ್ಷವಾದ್ದರಿಂದ ಆ ಆರು ಕ್ಷೇತ್ರಗಳ ಮತದಾರರು ತಿದ್ದಿದ ನಕ್ಷೆಗಾಗಿ 2026ರವರೆಗೆ ಕಾಯಬೇಕಾಯಿತು.

ಮುಂದಿನ ಜನಗಣತಿ 2030ರಲ್ಲಿ. ಮಿಷಿಗನ್‌ನ ಹೊಸ ಆಯೋಗದ ಅರ್ಜಿ ನಮೂನೆ ಆ ವರ್ಷದ ಜನವರಿ 1ರೊಳಗೆ ಸಿಗುವಂತಾಗಬೇಕು, ಅದನ್ನು ತುಂಬಿ ಜೂನ್ 1ರೊಳಗೆ ತಲುಪಿಸಬೇಕು. ನೋಂದಾಯಿತ ಮತದಾರರಾಗಿದ್ದು, ಕಳೆದ ಆರು ವರ್ಷಗಳಲ್ಲಿ ಪಕ್ಷದ ಅಭ್ಯರ್ಥಿ, ಪದಾಧಿಕಾರಿ, ಲಾಬಿದಾರ ಅಥವಾ ಅವರ ಹತ್ತಿರದ ಬಂಧು ಆಗಿಲ್ಲದವರು ಅರ್ಜಿ ಹಾಕಬಹುದು. ಕಣದಲ್ಲಿ ಉಳಿಯುವ 200 ಹೆಸರುಗಳಲ್ಲಿ ಶಾಸನಸಭೆಯ ನಾಯಕರು 20ರವರೆಗೆ ಹೊಡೆದುಹಾಕಬಹುದು; ಉಳಿದವರಲ್ಲಿ 13 ಮಂದಿಯನ್ನು ಸೆಪ್ಟೆಂಬರ್ 1ರೊಳಗೆ ಚೀಟಿ ಎತ್ತಿ ಆರಿಸುತ್ತಾರೆ.