ಮನೆಯಲ್ಲಿ ಇಂಜಿನ್ ಕಟ್ಟಬಹುದೇ?



ಮರ್ಫಿ ಟೌನಿನ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರದು ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಅವರ ಯಜಮಾನರು ಆಟೋ ಓಡಿಸುತ್ತಾರೆ. ಆಟೋ ಓಡಿದರೆ ಒಲೆ ಉರಿಯುತ್ತದೆ. ಆಟೋ ನಿಂತರೆ ಒಲೆ ಆರುತ್ತದೆ.

ಒಂದು ವಾರ ಆ ಅಕ್ಕ ಪಾಠಕ್ಕೆ ಬರಲಿಲ್ಲ. ನಾವು ಮನೆಗೇ ಹೋದೆವು. ಅಕ್ಕ ಬಾಗಿಲಲ್ಲಿ ಕೂತಿದ್ದರು.

"ಆಟೋ ನೀಲಿ ಹೊಗೆ ಬಿಡ್ತಾ ಇತ್ತು ಟೀಚರ್. ಈಗ ಎಳೆಯೋದೇ ಇಲ್ಲ. ಹೊಸ ಇಂಜಿನ್ ಹಾಕೋಕೆ ದುಡ್ಡಿಲ್ಲ. ನಮ್ಮನೆಯವರು ಮನೇಲೇ ಕಟ್ತೀನಿ ಅಂತಾರೆ. ಇಂಜಿನ್ ಏನು ರಾಗಿ ಮುದ್ದೆನಾ, ಮನೇಲಿ ಕಟ್ಟೋಕೆ?"

ಒಳ್ಳೆಯ ಪ್ರಶ್ನೆ. ಬನ್ನಿ, ಉತ್ತರ ಹುಡುಕೋಣ.

ಇಂಜಿನ್ ಅಂದರೆ ಏನು?

ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಟಪಟಪ ಕುಣಿಯುತ್ತದೆ. ಬಿಸಿಯಾದ ಹಬೆ ಅದನ್ನು ಮೇಲಕ್ಕೆ ತಳ್ಳುತ್ತದೆ. ಇಂಜಿನ್ ಕೂಡ ಹೀಗೆಯೇ. ಬೆಂಕಿಯ ಬಿಸಿಗೆ ಗಾಳಿ ಹಿಗ್ಗುತ್ತದೆ, ತಳ್ಳುತ್ತದೆ.

ಇಂಜಿನ್ ಒಳಗೆ ಒಂದು ಗಟ್ಟಿ ಕೊಳವೆ ಇದೆ. ಅದರ ಹೆಸರು ಸಿಲಿಂಡರ್. ಮೆಕ್ಯಾನಿಕ್‌ಗಳು ಬೋರು ಅಂತಲೂ ಹೇಳುತ್ತಾರೆ. ಅದರೊಳಗೆ ಮೇಲೆ ಕೆಳಗೆ ಆಡುವ ಬಿರಡೆಯೇ ಪಿಸ್ಟನ್. ಪಿಸ್ಟನ್ನಿಗೆ ಬಳೆಯಂಥ ರಿಂಗುಗಳು ಇರುತ್ತವೆ.

ಇಂದಿನ ಆಟೋ ಇಂಜಿನ್ ಸಾಮಾನ್ಯವಾಗಿ ನಾಲ್ಕು ಕೆಲಸ ಮಾಡುತ್ತದೆ.

1. ಗಾಳಿಯನ್ನೂ ಪೆಟ್ರೋಲ್ ಅಥವಾ ಗ್ಯಾಸನ್ನೂ ಒಳಗೆ ಎಳೆದುಕೊಳ್ಳುತ್ತದೆ.
2. ಎರಡನ್ನೂ ಸೇರಿಸಿ ಒತ್ತುತ್ತದೆ.
3. ಪ್ಲಗ್ಗಿನ ಕಿಡಿ ತಗುಲಿ ಉರಿಯುತ್ತದೆ. ಪಿಸ್ಟನ್ ಜೋರಾಗಿ ಕೆಳಗೆ ಬರುತ್ತದೆ.
4. ಹೊಗೆಯನ್ನು ಹೊರಗೆ ಉಗುಳುತ್ತದೆ.

ಪಿಸ್ಟನ್ ಮೇಲೆ ಕೆಳಗೆ ಆಡಿದರೆ ಚಕ್ರ ತಿರುಗುವುದು ಹೇಗೆ? ನಿಮ್ಮ ಹೊಲಿಗೆ ಯಂತ್ರ ನೋಡಿ. ನೀವು ಕಾಲಿನಿಂದ ಹಲಗೆ ತುಳಿಯುತ್ತೀರಿ. ಹಲಗೆಗೆ ಕಟ್ಟಿದ ಕಂಬಿ ಚಕ್ರವನ್ನು ತಿರುಗಿಸುತ್ತದೆ. ಇಂಜಿನ್ನಿನಲ್ಲಿ ಹಲಗೆಯ ಕೆಲಸ ಪಿಸ್ಟನ್ ಮಾಡುತ್ತದೆ. ಕಂಬಿಯ ಕೆಲಸ ಕನೆಕ್ಟಿಂಗ್ ರಾಡು ಮಾಡುತ್ತದೆ. ಶುರುವಿನಲ್ಲಿ ನೀವು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತೀರಿ ಅಲ್ಲವೇ? ಹಳೇ ಆಟೋದಲ್ಲಿ ಲಿವರ್ ಎಳೆಯುವುದೂ ಅದಕ್ಕೇ.

ನೀಲಿ ಹೊಗೆ ಯಾಕೆ? ರಿಂಗು, ಬೋರು ಸವೆದರೆ ಕೆಳಗಿನ ಆಯಿಲ್ ಮೇಲೆ ಏರಿ ಉರಿಯುತ್ತದೆ. ಆಗ ಹೊಗೆ ನೀಲಿಯಾಗುತ್ತದೆ. ಇಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ.

ಅಡುಗೆಮನೆಯಲ್ಲಿ ಓಡಿದ ಇಂಜಿನ್

ಮನೆಯಲ್ಲಿ ಇಂಜಿನ್ ಕಟ್ಟಿದವರು ಇದ್ದಾರೆ. ಅಮೆರಿಕದ ಡೆಟ್ರಾಯಿಟ್ ಊರಿನಲ್ಲಿ ಹೆನ್ರಿ ಫೋರ್ಡ್ ಎಂಬುವರು ಇದ್ದರು. ಕರೆಂಟಿನ ಕಂಪನಿಯಲ್ಲಿ ಕೆಲಸ. ಬಿಡುವಿನಲ್ಲಿ ಇಂಜಿನ್ ಕಟ್ಟುವ ಹುಚ್ಚು. ಗ್ಯಾಸ್ ಪೈಪಿನ ತುಂಡೇ ಅವರಿಗೆ ಸಿಲಿಂಡರ್ ಆಯಿತು. 1893ರ ಡಿಸೆಂಬರ್ 24. ಮರುದಿನ ಕ್ರಿಸ್‌ಮಸ್ ಹಬ್ಬ. ಹೆಂಡತಿ ಕ್ಲಾರಾ ಹಬ್ಬದ ಅಡುಗೆಯಲ್ಲಿ ಇದ್ದರು. ಕೂಸಿಗೆ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಫೋರ್ಡ್ ಇಂಜಿನ್ ತಂದು ಪಾತ್ರೆ ತೊಳೆಯುವ ಸಿಂಕಿಗೆ ಬಿಗಿದರು. ಕ್ಲಾರಾ ಕೈಯಿಂದ ಹನಿ ಹನಿಯಾಗಿ ಪೆಟ್ರೋಲ್ ಬಿಟ್ಟರು. ಗಂಡ ಚಕ್ರ ತಿರುಗಿಸಿದರು. ಇಂಜಿನ್ ಓಡಿತು! 1896ರಲ್ಲಿ ಫೋರ್ಡ್ ಮೊದಲ ಗಾಡಿ ಕಟ್ಟಿದರು. ಆದರೆ ಷೆಡ್ಡಿನ ಬಾಗಿಲು ಚಿಕ್ಕದು. ಗೋಡೆ ಒಡೆದು ಗಾಡಿ ಹೊರಗೆ ತಂದರು.

ಜರ್ಮನಿಯ ಬೆರ್ತಾ ಬೆಂಜ್ ಅವರ ಕತೆಯೂ ಇದೆ. ಗಂಡನ ಕೆಲಸಕ್ಕೆ ತಮ್ಮ ವರದಕ್ಷಿಣೆಯ ಹಣವನ್ನೇ ಹಾಕಿದ್ದರು. 1888ರಲ್ಲಿ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಸುಮಾರು 100 ಕಿಲೋಮೀಟರ್ ಕಾರು ತೆಗೆದುಕೊಂಡು ಹೋದರು. ದಾರಿಯಲ್ಲಿ ಪೆಟ್ರೋಲ್ ಕೊಳವೆ ಕಟ್ಟಿಕೊಂಡಿತು. ಟೋಪಿಯ ಪಿನ್ನಿನಿಂದ ತಾವೇ ಬಿಡಿಸಿದರು.

ಆದರೆ ಒಂದು ಎಚ್ಚರಿಕೆ. ಫೋರ್ಡ್ ಮಾಡಿದ ಹಾಗೆ ಅಡುಗೆಮನೆಯಲ್ಲಿ ನಾವು ಮಾಡಬಾರದು. ಯಾಕೆ ಎಂದು ಮುಂದೆ ಓದಿ.

ಯಾವುದು ಮನೆಯಲ್ಲಿ? ಯಾವುದು ಲೇತಿನಲ್ಲಿ?

ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು ತಲೆಕೂದಲಿಗಿಂತ ಸಣ್ಣದು. ಅಷ್ಟು ನಯವಾಗಿ ಕಬ್ಬಿಣ ಕೊರೆಯುವುದು ಕೈಕೆಲಸ ಅಲ್ಲ. ಅದಕ್ಕೆ ಲೇತು, ಬೋರಿಂಗ್ ಯಂತ್ರ ಬೇಕು. ಆದ್ದರಿಂದ ಇಡೀ ಇಂಜಿನ್ ಮನೆಯಲ್ಲಿ ಹುಟ್ಟುವುದಿಲ್ಲ. ಆದರೆ ಬಿಚ್ಚುವುದು, ತೊಳೆಯುವುದು, ಪಟ್ಟಿ ಬರೆಯುವುದು, ಮತ್ತೆ ಜೋಡಿಸುವುದು, ಇವನ್ನು ಕೆಲಸ ಬಲ್ಲವರು ಮನೆಯಲ್ಲಿ ಮಾಡಬಹುದು.

ಗ್ಯಾಸ್ ಆಟೋ ಆದರೆ ಗ್ಯಾಸಿನ ಕೊಳವೆ ಮುಟ್ಟಲೇಬೇಡಿ. ಆ ಅಕ್ಕನ ಯಜಮಾನರು ಗ್ಯಾರೇಜಿನಲ್ಲಿಯೇ ಇಂಜಿನ್ ಇಳಿಸಿದರು. ಬರೀ ಇಂಜಿನ್ ಮಾತ್ರ ಗೋಣಿಚೀಲದಲ್ಲಿ ಮನೆಗೆ ಬಂತು.

ನಂಬರ್ ಓದಿದ ಅಕ್ಕ

ಅಷ್ಟರಲ್ಲಿ ಯಾರೋ ಪರಿಚಯದವರು ಬಂದರು. "ಹಳೇ ಇಂಜಿನ್ ಒಂದು ಇದೆ. ಅರ್ಧ ರೇಟಿಗೆ ಕೊಡ್ತೀನಿ. ಬಿಲ್ಲು ಗಿಲ್ಲು ಬೇಡ," ಎಂದರು. ಯಜಮಾನರು ಒಪ್ಪಿದರು. ಸಂಘದ ಸಾಲದ ಹಣ ಕೈಯಲ್ಲಿತ್ತು.

ಶಿವಾಜಿನಗರದಲ್ಲಿ ಗುಜರಿ ವ್ಯಾಪಾರ ಬಹಳ ಹಳೆಯದು. ಅಲ್ಲಿ ಬಿಲ್ಲು ಕೊಟ್ಟು ನ್ಯಾಯವಾಗಿ ಮಾರುವವರು ಇದ್ದಾರೆ. ಆದರೆ ಇವರ ಮನೆಗೆ ಬಂದ ಇಂಜಿನ್ನಿಗೆ ಬಿಲ್ಲೇ ಇರಲಿಲ್ಲ.

ಪ್ರತಿ ಇಂಜಿನ್ನಿನ ಮೇಲೆ ಒಂದು ನಂಬರ್ ಕೊರೆದಿರುತ್ತದೆ. ಅದೇ ನಂಬರ್ ಆರ್‌ಸಿಯಲ್ಲಿಯೂ ಇರುತ್ತದೆ. ಇದನ್ನು ನಾವು ಪಾಠದಲ್ಲಿ ಹೇಳಿದ್ದೆವು. ಅಕ್ಕ ಸೆರಗಿನಿಂದ ಜಿಡ್ಡು ಒರೆಸಿದರು. ಬೆರಳು ಇಟ್ಟು ಒಂದೊಂದೇ ಅಂಕಿ ಓದಿದರು. ನಾಲ್ಕು ಅಂಕಿ ಸಿಕ್ಕವು. ಮುಂದಿನವು ಇರಲಿಲ್ಲ. ಯಾರೋ ಅರದಿಂದ ಉಜ್ಜಿ ಹಾಕಿದ್ದರು.

"ಇದು ಬೇಡ ರೀ. ನಾಳೆ ಪೊಲೀಸ್ ಹಿಡಿದರೆ ಆಟೋನೂ ಹೋಗುತ್ತೆ, ಸಾಲನೂ ನಮ್ಮ ತಲೆ ಮೇಲೆ ಇರುತ್ತೆ," ಎಂದರು ಅಕ್ಕ.

ಯಜಮಾನರಿಗೆ ಮೊದಲು ಸಿಟ್ಟು ಬಂತು. ಆಮೇಲೆ ತಾವೇ ಬಗ್ಗಿ ನೋಡಿದರು. ಮಾತಾಡದೆ ಇಂಜಿನ್ ವಾಪಸ್ ಕಳಿಸಿದರು.

ನೆನಪಿಡಿ. ಗಾಡಿಗೆ ಬೇರೆ ಇಂಜಿನ್ ಹಾಕಬೇಕಾದರೆ ಆರ್‌ಟಿಓ ಒಪ್ಪಿಗೆ ಬೇಕು. ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಇದು 1988ರ ಮೋಟಾರು ವಾಹನ ಕಾಯ್ದೆಯ ಮಾತು.

ಏಳನೇ ಕವರ್

ಕೊನೆಗೆ ಹಳೇ ಇಂಜಿನ್ನನ್ನೇ ರಿಪೇರಿ ಮಾಡುವುದು ಎಂದು ತೀರ್ಮಾನವಾಯಿತು. ಬೋರು ಲೇತಿಗೆ ಹೋಯಿತು. ಹೊಸ ಪಿಸ್ಟನ್, ಹೊಸ ರಿಂಗು ಬಂದವು. ಎಲ್ಲಕ್ಕೂ ಬಿಲ್ಲು ಪಡೆದರು.

ಬಿಚ್ಚುವ ದಿನವೇ ಅಕ್ಕ ಒಂದು ಕೆಲಸ ಮಾಡಿದ್ದರು. ಹಾಲಿನ ಕವರ್‌ಗಳನ್ನು ತೊಳೆದು ಒಣಗಿಸಿದ್ದರು. ಒಂದೊಂದು ಕಡೆಯ ಬೋಲ್ಟುಗಳನ್ನು ಒಂದೊಂದು ಕವರ್‌ಗೆ ಹಾಕಿದ್ದರು. ಕವರ್ ಒಳಗೆ ನಂಬರ್ ಚೀಟಿ. ನೋಟ್ ಬುಕ್ಕಿನಲ್ಲಿ ಪಟ್ಟಿ.

ಜೋಡಿಸುವ ದಿನ ನಾವೂ ಹೋಗಿದ್ದೆವು. ಯಜಮಾನರು ಕೈ ಒರೆಸಿಕೊಂಡು, "ಮುಗೀತು," ಎಂದರು.

"ಮುಗಿದಿಲ್ಲ. ಏಳನೇ ಕವರ್ ಇಲ್ಲೇ ಇದೆ," ಎಂದರು ಅಕ್ಕ. ಬುಕ್ಕು ತೆಗೆದು ನಿಧಾನವಾಗಿ ಓದಿದರು: "ಏಳು. ಹೆಡ್ಡು. ಹಿಂದೆ. ಎಡಗಡೆ."

ಆ ಬೋಲ್ಟು ಬಿಟ್ಟಿದ್ದರೆ ಹೆಡ್ಡಿನ ಸಂದಿನಿಂದ ಗಾಳಿ ಸೋರುತ್ತಿತ್ತು. ಪಟ್ಟ ಶ್ರಮವೆಲ್ಲ ನೀರಿಗೆ ಹಾಕಿದ ಹುಣಿಸೆಯಾಗುತ್ತಿತ್ತು.

ಮರುದಿನ ಗ್ಯಾರೇಜಿನಲ್ಲಿ ಇಂಜಿನ್ ಏರಿಸಿದರು. ಬಯಲಿನಲ್ಲಿ ಸ್ಟಾರ್ಟ್ ಮಾಡಿದರು. ನೀಲಿ ಹೊಗೆ ಇರಲಿಲ್ಲ. ಮೊದಲ ಸವಾರಿ ಯಾರಿಗೆ ಗೊತ್ತೇ? ಅಕ್ಕನಿಗೆ. ಹಲಸೂರು ಕೆರೆಯವರೆಗೆ ಹೋಗಿ ಬಂದರು.

ಇವನ್ನು ಮರೆಯಬೇಡಿ

1. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಿಂದ ಭಾಗ ತೊಳೆಯುವಾಗ ಒಲೆ, ದೀಪ, ಬೀಡಿ ಹತ್ತಿರ ಇರಬಾರದು. ಮಕ್ಕಳೂ ಹತ್ತಿರ ಇರಬಾರದು.
2. ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಜೀವ ತೆಗೆಯುತ್ತದೆ.
3. ಹೆಡ್ಡಿನ ಬೋಲ್ಟುಗಳನ್ನು ಎದುರು ಬದುರು, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಹಳೇ ಪ್ಯಾಕಿಂಗ್ ಮತ್ತೆ ಹಾಕಬಾರದು.
4. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಹಾಕಿ. ಕೈಯಿಂದ ತಿರುಗಿಸಿ ನೋಡಿ.
5. ಹೊಸದಾಗಿ ಕಟ್ಟಿದ ಇಂಜಿನ್ನನ್ನು ಮೊದಮೊದಲು ನಿಧಾನವಾಗಿ ಓಡಿಸಿ.

ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಇಂಜಿನ್ ಮುದ್ದೆಯಲ್ಲ. ಆದರೂ ಲೇತು, ಗ್ಯಾರೇಜು, ಮನೆ ಮೂರೂ ಸೇರಿದರೆ ಕಟ್ಟಬಹುದು. ಜೊತೆಗೆ ಓದು ಬರಹ ಇದ್ದರೆ ಮೋಸ ಹೋಗದೆ ಕಟ್ಟಬಹುದು.

ಅಭ್ಯಾಸ

1. ನೀಲಿ ಹೊಗೆ ಯಾಕೆ ಬರುತ್ತದೆ?
2. ಅಕ್ಕ ಅರ್ಧ ರೇಟಿನ ಇಂಜಿನ್ ಯಾಕೆ ಬೇಡ ಎಂದರು?
3. ಓದಿ, ಬರೆಯಿರಿ: ಪಿಸ್ಟನ್, ರಿಂಗು, ಬೋರು, ಹೆಡ್ಡು, ಪ್ಲಗ್ಗು, ಬಿಲ್ಲು.
4. ನಿಮ್ಮ ಬೀದಿಯಲ್ಲಿ ನಿಂತ ಆಟೋಗಳ ನಂಬರ್ ಓದಿ. ಕೆಎ 03 ಎಂದರೆ ಬೆಂಗಳೂರು ಪೂರ್ವ. ಕೆಎ 53 ಎಂದರೆ ಕೆ.ಆರ್. ಪುರ. ಯಾವುದು ಎಷ್ಟು ಇವೆ? ಬುಕ್ಕಿನಲ್ಲಿ ಬರೆದು ತನ್ನಿ.