ಕಾಲಾಣೆ ಯಂತ್ರಕ್ಕೆ ಅರುವತ್ತು ಸಾವಿರ

ಕಾಸು ಹಾಕಿದರೆ ತೂಕ ತೋರಿಸುವ ಹಳೆಯ ಯಂತ್ರವೊಂದನ್ನು ಗುಜರಿಯಿಂದ ತಂದು, ಮನೆಯ ಚಾವಡಿಯಲ್ಲಿಟ್ಟು ರಿಪೇರಿ ಮಾಡಿ ನಿಲ್ಲಿಸುವಷ್ಟರಲ್ಲಿ ನನಗೆ ಬಿದ್ದ ಖರ್ಚು 60,000 ರೂಪಾಯಿ. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ವಿಷಯ ತಿಳಿದವರು ಮೊದಲು ಕೇಳಿದ್ದು, "ಈಗ ಮಾರಿದರೆ ಎಷ್ಟು ಬಂದೀತು?" ಯಂತ್ರ ಹೇಗಿದೆ, ತೂಕ ಸರಿ ತೋರಿಸುತ್ತದೋ ಎಂದು ಕೇಳಿದವರು ಕಡಿಮೆ. ಹಳೆಯದೆಲ್ಲ ಹೂಡಿಕೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇಗ ಬೇರೂರಿದೆ ಎಂದು ಕಂಡು ಕಳವಳವಾಯಿತು.

ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪ ಮಿನುಗಿಸಿ, ತೂಕವೂ ಭವಿಷ್ಯವೂ ಅಚ್ಚಾದ ರಟ್ಟಿನ ಟಿಕೇಟು ಉದುರಿಸುತ್ತಿದ್ದ ಯಂತ್ರ ಅನೇಕರಿಗೆ ನೆನಪಿರಬಹುದು. ನನ್ನದು ಅದಕ್ಕೂ ಹಿಂದಿನ ತಲೆಮಾರಿನದು. ಕರೆಂಟು ಬೇಡ, ಟಿಕೇಟೂ ಇಲ್ಲ. ಬೀಡು ಕಬ್ಬಿಣದ ಕಂಬ, ನೆತ್ತಿಯಲ್ಲಿ ದೊಡ್ಡ ಡಯಲ್, ಕೆಳಗೆ ನಿಲ್ಲುವ ಹಲಗೆ. ಹಲಗೆಯ ಅಡಿಯಲ್ಲಿ ಸನ್ನೆಗಳು, ಆ ಸನ್ನೆಗಳು ಕೂರುವುದಕ್ಕೆ ಕತ್ತಿಯಲಗಿನಂಥ ಉಕ್ಕಿನ ಅಂಚುಗಳು. ನಾವು ಹತ್ತಿ ನಿಂತರೂ ಮುಳ್ಳು ಕದಲುವುದಿಲ್ಲ. ಕೊಕ್ಕೆಯೊಂದು ಅದನ್ನು ಹಿಡಿದಿರುತ್ತದೆ. ನಾಣ್ಯ ಜಾರಿ ಬಂದು ಪುಟ್ಟ ಸನ್ನೆಯ ತುದಿಗೆ ಬಿದ್ದಾಗ ಅದರ ಭಾರಕ್ಕೆ ಕೊಕ್ಕೆ ಬಿಡುತ್ತದೆ, ಮುಳ್ಳು ಓಡುತ್ತದೆ. ಇಳಿದ ಕೂಡಲೇ ನಾಣ್ಯ ಡಬ್ಬಿಗೆ ಬೀಳುತ್ತದೆ, ಕೊಕ್ಕೆ ಮತ್ತೆ ಸ್ವಸ್ಥಾನಕ್ಕೆ.

ಅದು ಕೇಳುವ ನಾಣ್ಯ ಕಾಲಾಣೆ. ಕಂಚಿನ ಕಾಲಾಣೆ ಸುಮಾರು 4.86 ಗ್ರಾಂ ತೂಗುತ್ತದೆ, ಅಗಲ 25.4 ಮಿಲಿಮೀಟರು. 1992ರಲ್ಲಿ ಬಂದ ಸ್ಟೀಲಿನ ಒಂದು ರೂಪಾಯಿ 4.85 ಗ್ರಾಂ, 25 ಮಿಲಿಮೀಟರು. ಹಾಗಾಗಿ ಆ ರೂಪಾಯಿ ಹಾಕಿದರೆ ಯಂತ್ರ ತಕರಾರಿಲ್ಲದೆ ಮುಳ್ಳು ಬಿಟ್ಟುಕೊಡುತ್ತದೆ. 2011ರಲ್ಲಿ ಬಂದ ರೂಪಾಯಿ 3.79 ಗ್ರಾಂ, 22 ಮಿಲಿಮೀಟರು ಮಾತ್ರ. ಅದಕ್ಕೆ ಕೊಕ್ಕೆ ಅಲುಗುವುದೂ ಇಲ್ಲ. ಒಂದು ಗ್ರಾಮಿನ ವ್ಯತ್ಯಾಸವನ್ನು ಬ್ಯಾಟರಿಯಾಗಲಿ ಚಿಪ್ಪಾಗಲಿ ಇಲ್ಲದೆ ಗುರುತಿಸುವ ಈ ಕೆಲಸಗಾರಿಕೆಯ ಮೇಲಿನ ಪ್ರೀತಿಯಿಂದಲೇ ನಾನು ದುಡ್ಡು ಹಾಕಿದ್ದು.

ದುಡ್ಡು ಹೋದ ದಾರಿ ಹೀಗೆ. ಯಂತ್ರಕ್ಕೆ 22,000. ಪಿಕಪ್ ಬಾಡಿಗೆ 2,500. ಸವೆದ ಅಂಚುಗಳನ್ನು ಹೊಸದಾಗಿ ಮಾಡಿ ಹದಕೊಟ್ಟು ಕೂರಿಸಿದ ಲೇತಿನ ಕೆಲಸಕ್ಕೆ 9,000. ಸ್ಪ್ರಿಂಗು 4,500. ಡಯಲಿಗೆ 11,000. ತುಕ್ಕು ತೆಗೆದು ಬಣ್ಣ ಹೊಡೆಸಿದ್ದಕ್ಕೆ 8,000. ಸೀಮೆಎಣ್ಣೆ, ಬ್ರಷ್, ಗ್ರೀಸು, ಚಿಲ್ಲರೆ ಬಾಬ್ತು 3,000.

ಬಣ್ಣದ ಬಗ್ಗೆ ಒಂದು ಮಾತು. ಮೂಲ ಬಣ್ಣ ತೆಗೆದರೆ ಹಳೆಯ ವಸ್ತುವಿನ ಬೆಲೆ ಇಳಿಯುತ್ತದೆ ಎನ್ನುತ್ತಾರೆ ಸಂಗ್ರಹಕಾರರು. ಸರಿಯೇ. ಆದರೆ ತುಕ್ಕು ಹಿಡಿದ ಬೀಡನ್ನು ಹಾಗೆಯೇ ಬಿಟ್ಟರೆ ನಮ್ಮ ಆಟಿ ತಿಂಗಳ ಮಳೆಗೆ ಅದು ಎಷ್ಟು ವರ್ಷ ನಿಂತೀತು? ಯಂತ್ರ ನಮ್ಮ ಚಾವಡಿಯಲ್ಲಿ ಉಳಿಯಬೇಕು, ಮಕ್ಕಳು ಹತ್ತಿ ಇಳಿಯಬೇಕು. ಮಾರುವ ಬೆಲೆ ಇಳಿಯುತ್ತದೆ ಎಂದು ತಿಳಿದೇ ಬಣ್ಣ ಹೊಡೆಸಿದೆ. ಇವತ್ತೂ ಹಾಗೆಯೇ ಮಾಡುತ್ತೇನೆ.

ಖರ್ಚು ಇಷ್ಟಾಗಲು ಯಂತ್ರದ ವಯಸ್ಸು ಕಾರಣವಲ್ಲ, ಬಿಡಿಭಾಗ ಸಿಗದಿರುವುದು ಕಾರಣ. ನನ್ನದರಂಥ ಇಂಗ್ಲೆಂಡಿನ ಹಳೆಯ ಯಂತ್ರಗಳ ತಿರುಪು ವಿಟ್‌ವರ್ತ್ ಅಳತೆಯದು. ಅದರ ಹಲ್ಲಿನ ಕೋನ 55 ಡಿಗ್ರಿ, ನಮ್ಮ ಹಾರ್ಡ್‌ವೇರ್ ಅಂಗಡಿಯ ಮೆಟ್ರಿಕ್ ಬೋಲ್ಟಿನದು 60. ಒತ್ತಿ ತಿರುಗಿಸಿದರೆ ಎರಡೂ ಹಾಳು. ಒಂದೊಂದು ತಿರುಪನ್ನೂ ಲೇತಿನಲ್ಲೇ ಮಾಡಿಸಬೇಕು. ಅಮೆರಿಕದ ಹಳೆಯ ಜೂಜುಯಂತ್ರಗಳ ಕತೆ ಬೇರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಫೇ ಎಂಬ ಜರ್ಮನ್ ಮೂಲದ ಮೆಕ್ಯಾನಿಕ್ 1890ರ ದಶಕದಲ್ಲಿ ಲಿಬರ್ಟಿ ಬೆಲ್ ಎಂಬ ಮೂರು ಚಕ್ರದ ಜೂಜುಯಂತ್ರ ಮಾಡಿದ. ಆಮೇಲೆ ಶಿಕಾಗೋದ ಮಿಲ್ಸ್ ಕಂಪೆನಿ ಅಂಥವನ್ನು ಸಾವಿರಗಟ್ಟಲೆ ತಯಾರಿಸಿತು. ಅಲ್ಲಿ ಇವತ್ತಿಗೂ ಅವುಗಳ ಸ್ಪ್ರಿಂಗು, ಚಕ್ರದ ಪಟ್ಟಿ, ಬೀಗ ಎಲ್ಲ ಹೊಸದಾಗಿ ಮಾಡಿ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ಅಲ್ಲಿನ ಬೆಲೆ ನೋಡಿ ಇಲ್ಲಿ ಬಾಯಲ್ಲಿ ನೀರೂರಿಸಿಕೊಳ್ಳಬಾರದು.

ಈಗ ಮಾರುವ ಲೆಕ್ಕ. ನಾನು ಹಾಕಿದ 60,000 ವರ್ಷಕ್ಕೆ ಶೇ. 7ರ ಎಫ್‌ಡಿಯಲ್ಲಿ ಐದು ವರ್ಷ ಕೂತಿದ್ದರೆ ಸುಮಾರು 84,150 ಆಗುತ್ತಿತ್ತು. ಎಣ್ಣೆ, ಬಣ್ಣದ ತೇಪೆ ಎಂದು ವರ್ಷಕ್ಕೆ 1,500ರಂತೆ 7,500 ಸೇರಿಸಿ: 91,650. ನನ್ನಂಥವನಿಗೆ ಗಿರಾಕಿ ನೇರವಾಗಿ ಸಿಗುವುದಿಲ್ಲ, ಮಧ್ಯವರ್ತಿ ಬೇಕು, ಅವನು ಕಾಲುಭಾಗ ಹಿಡಿಯುತ್ತಾನೆ ಅನ್ನಿ. ಆಗ ನನ್ನ ಕೈಗೆ 91,650 ಬರಬೇಕಾದರೆ ಯಂತ್ರ 1,22,200ಕ್ಕೆ ಹೋಗಬೇಕು. ಅಂದರೆ ಐದೇ ವರ್ಷದಲ್ಲಿ ದುಪ್ಪಟ್ಟು, ವರ್ಷಕ್ಕೆ ಶೇ. 15ರ ಏರಿಕೆ. ಅಷ್ಟಾದರೂ ನನಗೆ ಸಿಕ್ಕುವುದು ಎಫ್‌ಡಿಯಷ್ಟೇ. ನನ್ನ ಸ್ವಂತ ದುಡಿಮೆಗೆ ಇದರಲ್ಲಿ ಒಂದು ಪೈಸೆ ಹಾಕಿಲ್ಲ. ನಮ್ಮೂರಿನ ಕೂಲಿ ದರ ಹಾಕಿದರೆ ಲೆಕ್ಕ ಮುಂದುವರಿಸುವುದೇ ಬೇಡ. ಇವತ್ತು ನನಗೆ ಬಂದಿರುವ ಒಂದೇ ಒಂದು ಕೇಳಿಕೆ 45,000ದ್ದು.

ನನ್ನ ತೋಟದ ಅಡಿಕೆಗಾದರೆ ಇವತ್ತಿನ ದರ ಎಂಬುದುಂಟು. ಬೆಳಿಗ್ಗೆ ಗೋಣಿ ಕಟ್ಟಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಕೊಂಡುಹೋದರೆ ಅದು ದುಡ್ಡು. ತೂಕದ ಯಂತ್ರಕ್ಕೆ ದರಪಟ್ಟಿ ಎಲ್ಲಿದೆ? ಹೊರದೇಶದಲ್ಲಿ ಒಳ್ಳೆಯ ಬೆಲೆ ಉಂಟು ಎನ್ನುವವರು 1972ರ ಪ್ರಾಚ್ಯವಸ್ತು ಕಾಯ್ದೆಯನ್ನು ಓದಲಿ. ನೂರು ವರ್ಷ ದಾಟಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.

ಇಷ್ಟಿದ್ದೂ ಹಳೆಯ ವಸ್ತುಗಳಲ್ಲಿ ಪಾಲು ಕೊಡುತ್ತೇವೆ, ವರ್ಷಕ್ಕೆ ಇಂತಿಷ್ಟು ಖಂಡಿತ ಎಂಬ ಸಂದೇಶಗಳು ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿವೆ. ಇವುಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. 2021ರಲ್ಲಿ ಕೊಚ್ಚಿಯಲ್ಲಿ ಏನಾಯಿತೆಂದು ಇಡೀ ಕೇರಳ ನೋಡಿದೆ: ಮೋಶೆಯ ಕೋಲು, ಟಿಪ್ಪುವಿನ ಸಿಂಹಾಸನ ಎಂದು ತೋರಿಸುತ್ತಿದ್ದ ವ್ಯಕ್ತಿಯನ್ನು ಕೋಟಿಗಟ್ಟಲೆ ವಂಚನೆಯ ಆರೋಪದ ಮೇಲೆ ಬಂಧಿಸಿದರು. ವಸ್ತು ಯಾರ ಹೆಸರಿನಲ್ಲಿದೆ, ಬೆಲೆ ಕಟ್ಟಿದವರು ಯಾರು, ನಾನು ಬೇಕೆಂದ ದಿನ ಯಾರು ಕೊಳ್ಳುತ್ತಾರೆ ಎಂದು ಕೇಳಿ ನೋಡಿ. ಉತ್ತರದ ಬದಲು ಇನ್ನೊಂದು ಫೋಟೋ ಬರುತ್ತದೆ. ಅಂಥ ಗುಂಪಿನಿಂದ ಅದೇ ಕ್ಷಣ ಹೊರಗೆ ಬನ್ನಿ.

ಹಾಗಾದರೆ ಹಳೆಯ ಯಂತ್ರ ಕೊಳ್ಳಲೇಬಾರದೇ? ಕೊಳ್ಳಿ. ಖರ್ಚು ಎಂದು ಬರೆದುಕೊಂಡು ಕೊಳ್ಳಿ. ಅಡಿಕೆ ಕೊಟ್ಟ ದುಡ್ಡಿನಲ್ಲಿ ಮನೆ, ತೋಟ, ಮಕ್ಕಳ ಫೀಸು, ಆಸ್ಪತ್ರೆಯ ಬಾಬ್ತು ಕಳೆದ ಮೇಲೆ ನಾನು ಸಣ್ಣದೊಂದು ಪಾಲನ್ನು ಬೇರೆ ಖಾತೆಗೆ ಹಾಕುತ್ತೇನೆ. ಯಂತ್ರ ಬಂದದ್ದು ಆ ಖಾತೆಯಿಂದ. ಅದು ಖಾಲಿಯಾದಾಗ ಡಯಲಿನ ಕೆಲಸ ಒಂದು ಬೆಳೆಯ ಕಾಲ ನಿಂತಿತ್ತು. ನಿಂತರೆ ಏನೂ ಕೆಡುವುದಿಲ್ಲ. ಹೆಂಡತಿಯ ಚಿನ್ನ ಅಡವಿಟ್ಟು, ಫೋನಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲ ತೆಗೆದು ಆಸೆ ತೀರಿಸಿಕೊಳ್ಳುವ ಅಭ್ಯಾಸ ನಮ್ಮ ಹುಡುಗರಲ್ಲಿ ಹೆಚ್ಚುತ್ತಿದೆ. ಬಿಲ್ಲು ಇಟ್ಟುಕೊಳ್ಳುವುದಿಲ್ಲ, ಮನೆಯವರಿಗೆ ಮೊತ್ತ ಹೇಳುವುದಿಲ್ಲ. ಮನೆಯವರಿಗೆ ಹೇಳಲಾಗದ ಮೊತ್ತವನ್ನು ಹವ್ಯಾಸಕ್ಕೆ ಹಾಕಬಾರದು.

ದುಬೈಯಲ್ಲಿರುವ ಅಳಿಯ ಮೊನ್ನೆ ಫೋನು ಮಾಡಿದ್ದ. "ಮಾವ, ಇಲ್ಲಿ ಒಬ್ಬರು ಹಳೆಯ ಸ್ಲಾಟ್ ಮೆಶಿನ್ ಕೊಡುತ್ತಾರಂತೆ. ಊರಿಗೆ ತಂದು ರಿಪೇರಿ ಮಾಡಿದರೆ ಲಾಭ ಉಂಟಲ್ಲ?" ಲಾಭದ ಮಾತು ಬಿಡು ಎಂದೆ. ಕಸ್ಟಮ್ಸ್ ಏಜೆಂಟರ ಹತ್ತಿರ ಅದನ್ನು ತರಲು ಬಿಡುತ್ತಾರೋ, ಸುಂಕ ಎಷ್ಟು ಎಂದು ಕಾಗದದಲ್ಲಿ ಬರೆಸಿಕೋ. 1960ರ ಕೇರಳ ಗೇಮಿಂಗ್ ಕಾಯ್ದೆ ಅಂಥ ಯಂತ್ರಕ್ಕೆ ಏನು ಹೇಳುತ್ತದೆಂದು ವಕೀಲರಲ್ಲಿ ಕೇಳು. ಅದರ ತಿರುಪು ಕತ್ತರಿಸಿಕೊಡುವ ಲೇತಿನವನು ಯಾರೆಂದು ಹುಡುಕು. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಯಂತ್ರ ಮಾರುವವರಿಗೆ ಮುಂಗಡ ಕೊಡುವ ಮಾತಾಡೋಣ ಎಂದು ಹೇಳಿದ್ದೇನೆ.