ಪ್ಯಾಲೆಸ್ತೀನ್ ಸಮಸ್ಯೆ: ಎಡೆದೊರೆ ನಾಡಿನಿಂದ ಒಂದು ಅವಲೋಕನ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಶಾಲೆಗಳಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ಕಲಹವನ್ನು ಬೋಧಿಸುವಾಗ ಅದು ಬಹುದೂರದ ಸಂಗತಿಯಾಗಿ ತೋರುವುದು ಸಹಜ. ಅದನ್ನು ಎರಡು ಮತಗಳ ಜಗಳವೆಂದು ಭಾವಿಸಿ, ತನ್ನ ಪಕ್ಷವನ್ನು ಮೊದಲೇ ಆರಿಸಿಕೊಂಡು ತರಗತಿಗೆ ಬರುವ ವಿದ್ಯಾರ್ಥಿಯೂ ಇಲ್ಲದಿಲ್ಲ. ಆದರೆ ಆ ಸಮಸ್ಯೆಯ ಇತಿಹಾಸ ಕೆಲವೆಡೆ ಈ ಸೀಮೆಯ ಇತಿಹಾಸಕ್ಕೆ ತಾಗಿಕೊಂಡೇ ಸಾಗಿದೆ. ಆ ಜಾಡಿನಲ್ಲಿ ನಡೆದವರಿಗೆ ಮತದ ಪ್ರಶ್ನೆಗಿಂತ ಮೊದಲು ನೆಲದ ಪ್ರಶ್ನೆಯೂ, ಬಿಟ್ಟುಬಂದ ಮನೆಗೆ ಮರಳುವ ಪ್ರಶ್ನೆಯೂ ಎದುರಾಗುತ್ತವೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ರಣರಂಗಗಳಲ್ಲಿ ಹೋರಾಡಿದ ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವಬ್ರಿಗೇಡಿನಲ್ಲಿ ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್ ದಳಗಳಿದ್ದವು. ಇಂದಿನ ಕರ್ನಾಟಕದ ಬಹುಭಾಗವನ್ನು ಹಂಚಿಕೊಂಡಿದ್ದ ಎರಡು ಸಂಸ್ಥಾನಗಳ ಸವಾರರು ಹೀಗೆ ಒಂದೇ ಧ್ವಜದಡಿ ಪರದೇಶದಲ್ಲಿ ನಿಂತಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ವಶಪಡಿಸಿಕೊಳ್ಳುವ ಕಾರ್ಯ ಈ ಬ್ರಿಗೇಡಿಗೆ ಒದಗಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು. ನಡುವಿನ ಇಕ್ಕಟ್ಟಾದ ದಾರಿಯ ಮೇಲೆ ತುರ್ಕರ ಫಿರಂಗಿ ಮತ್ತು ಮೆಷಿನ್‌ಗನ್ನುಗಳ ಗುರಿ. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟವನ್ನೇರಿ ಮೇಲಿನ ತೋಪುಗಳನ್ನು ಸುಮ್ಮನಾಗಿಸಿತು. ಜೋಧಪುರದ ಸವಾರರು ಕೆಳಗಿನಿಂದ ಈಟಿ ಹಿಡಿದು ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಮಡಿದನು. ಸಂಜೆಯ ವೇಳೆಗೆ 1,350ರಷ್ಟು ಜರ್ಮನ್ ಮತ್ತು ತುರ್ಕಿ ಸೈನಿಕರು ಸೆರೆಯಾಗಿ, 17 ಫಿರಂಗಿಗಳು ಕೈವಶವಾಗಿದ್ದವು. ಹೈದರಾಬಾದ್ ದಳವು ಅಂದಿನ ದಾಳಿಯ ಮುಂಚೂಣಿಯಲ್ಲಿರಲಿಲ್ಲ. ತುರ್ಕಿಯ ಸುಲ್ತಾನನು ಖಲೀಫನೂ ಆಗಿದ್ದುದರಿಂದ ಅವನ ವಿರುದ್ಧದ ಯುದ್ಧ ಹೈದರಾಬಾದಿನ ಮುಸಲ್ಮಾನರಿಗೆ ಮನೋವೇದನೆಯ ವಿಷಯವಾಗಿತ್ತು. ಆದರೂ ನಿಜಾಮನು 1914ರಲ್ಲೇ ಆಂಗ್ಲರಿಗೆ ನಿಷ್ಠರಾಗಿರಬೇಕೆಂದು ಫರ್ಮಾನು ಹೊರಡಿಸಿದ್ದನು. ಬೆಂಗಳೂರಿನ ಜಯಚಾಮರಾಜನಗರದ ಬಳಿಯಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವೂ, ದೆಹಲಿಯ ತೀನ್ ಮೂರ್ತಿಯ ಮೂವರು ಕಂಚಿನ ಸವಾರರೂ ಈ ಬ್ರಿಗೇಡಿನ ನೆನಪನ್ನು ಉಳಿಸಿವೆ. 2018ರ ಜನವರಿಯಲ್ಲಿ ದೆಹಲಿಯ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು.

ಸವಾರರ ಶೌರ್ಯ ನಿಸ್ಸಂದೇಹ. ಆದರೆ ಅವರು ಗೆದ್ದುಕೊಟ್ಟ ನೆಲ ಅದಾಗಲೇ ಒಂದಕ್ಕಿಂತ ಹೆಚ್ಚು ಕೈಗಳಿಗೆ ವಾಗ್ದತ್ತವಾಗಿತ್ತು. 1915–16ರಲ್ಲಿ ಮೆಕ್‌ಮಹನ್ ಬರೆದ ಪತ್ರಗಳು ಮೆಕ್ಕಾದ ಶರೀಫ ಹುಸೇನನಿಗೆ ಅರಬರ ಸ್ವಾತಂತ್ರ್ಯದ ಭರವಸೆಯಿತ್ತಿದ್ದವು. ಪ್ಯಾಲೆಸ್ತೀನ್ ಅದರಲ್ಲಿ ಸೇರಿತ್ತೇ ಇಲ್ಲವೇ ಎಂಬ ವಾದ ಅನಂತರ ಮುಗಿಯಲೇ ಇಲ್ಲ. 1916ರ ಸೈಕ್ಸ್–ಪೀಕೊ ಗುಪ್ತ ಒಪ್ಪಂದದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಆ ಪ್ರದೇಶಗಳನ್ನು ತಮ್ಮೊಳಗೇ ಹಂಚಿಕೊಂಡಿದ್ದವು. 1917ರ ನವೆಂಬರ್ 2ರಂದು ಬಾಲ್ಫೋರ್ ಘೋಷಣೆ ಅಲ್ಲಿ ಯೆಹೂದ್ಯರಿಗೊಂದು ರಾಷ್ಟ್ರೀಯ ನೆಲೆಯನ್ನು ಒದಗಿಸುವ ಮಾತು ಕೊಟ್ಟಿತು. ಅಲ್ಲಿ ವಾಸವಾಗಿದ್ದವರ ಅಭಿಪ್ರಾಯವನ್ನು ಇವುಗಳಿಗೆ ಮೊದಲು ಯಾರೂ ಕೇಳಲಿಲ್ಲ. 1922ರ ಜನಗಣತಿಯಲ್ಲಿ ಏಳೂವರೆ ಲಕ್ಷ ಜನರ ಪೈಕಿ ಯೆಹೂದ್ಯರು ಸುಮಾರು 84 ಸಾವಿರ ಮಾತ್ರ.

ರಾಯಚೂರು ಸೀಮೆಯವರಿಗೆ ಈ ಬಗೆಯ ವ್ಯವಹಾರ ಹೊಸದೇನಲ್ಲ. 1853ರಲ್ಲಿ ನಿಜಾಮನು ಬ್ರಿಟಿಷರ ಸೈನ್ಯದ ವೆಚ್ಚದ ಸಾಲಕ್ಕಾಗಿ ವರ್‍ಹಾಡದೊಡನೆ ಎಡೆದೊರೆ ನಾಡನ್ನೂ ಒತ್ತೆಯಿಟ್ಟಂತೆ ಒಪ್ಪಿಸಿದನು. 1857ರ ದಂಗೆಯ ಕಾಲದ ನಿಷ್ಠೆಗೆ ಇನಾಮಾಗಿ 1860ರಲ್ಲಿ ಅದು ಅವನಿಗೇ ಮರಳಿತು. ಹೊಲ ಉಳುವವನಿಗೆ ದೊರೆ ಬದಲಾದ ಸುದ್ದಿ ತಲುಪಿದ್ದು ಬಹುಶಃ ಕಂದಾಯದ ಚಾವಡಿಯಲ್ಲಿ.

ಮುಂದಿನ ಮೂರು ದಶಕಗಳಲ್ಲಿ, ಅದರಲ್ಲಿಯೂ ಹಿಟ್ಲರನ ಹಿಂಸೆಗೆ ಅಂಜಿ, ಯೆಹೂದ್ಯರು ತಂಡೋಪತಂಡವಾಗಿ ಪ್ಯಾಲೆಸ್ತೀನಿಗೆ ಬಂದರು. ಯೂರೋಪಿನಲ್ಲಿ ಅರುವತ್ತು ಲಕ್ಷ ಯೆಹೂದ್ಯರ ಕಗ್ಗೊಲೆ ನಡೆದ ಮೇಲೆ ಬದುಕುಳಿದ ಅನೇಕರಿಗೆ ಹಿಂದಿರುಗಲು ಊರೇ ಉಳಿದಿರಲಿಲ್ಲ. ಈ ಸಂಗತಿಯನ್ನು ಬಿಟ್ಟು ಇಸ್ರೇಲಿನ ಹುಟ್ಟನ್ನು ವಿವರಿಸುವ ಪಾಠ ಅರೆಪಾಠವೇ ಸರಿ.

1947ರ ನವೆಂಬರ್ 29 ಎರಡೂ ನಾಡುಗಳ ಇತಿಹಾಸದಲ್ಲಿ ಬರುವ ದಿನಾಂಕ. ಅಂದು ವಿಶ್ವಸಂಸ್ಥೆ 33 ಮತಗಳಿಂದ ಪ್ಯಾಲೆಸ್ತೀನಿನ ವಿಭಜನೆಯನ್ನು ಅಂಗೀಕರಿಸಿತು. ವಿರುದ್ಧ ಬಿದ್ದ 13 ಮತಗಳಲ್ಲಿ ಭಾರತದ್ದೂ ಒಂದು. ಇರಾನ್, ಯುಗೊಸ್ಲಾವಿಯಗಳೊಡನೆ ಸೇರಿ ಭಾರತವು ಒಂದು ಸಂಯುಕ್ತ ರಾಜ್ಯದ ಸಲಹೆಯನ್ನು ಮುಂದಿಟ್ಟಿತ್ತು. ಅದೇ ದಿನ ನಿಜಾಮನೂ ಭಾರತ ಸರ್ಕಾರವೂ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಮಾಡಿದರು. ಎರಡು ಕಾಗದಗಳೂ ಶಾಂತಿಯನ್ನು ತರಲಿಲ್ಲ. ರಜಾಕಾರರ ಹಾವಳಿಗೆ ಹೆದರಿ ಹೈದರಾಬಾದ್ ಕರ್ನಾಟಕದ ಕುಟುಂಬಗಳು ಗಡಿ ದಾಟಿ ಆಶ್ರಯ ಪಡೆದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದ ಶಿಬಿರ ನಡೆಯಿತು. ಅತ್ತ 1948ರ ಏಪ್ರಿಲ್‌ನಲ್ಲಿ, ಕನ್ನಡ ಸವಾರರು ಮೂವತ್ತು ವರ್ಷ ಹಿಂದೆ ಪ್ರವೇಶಿಸಿದ್ದ ಅದೇ ಹೈಫಾ ಯೆಹೂದಿ ಪಡೆಗಳ ವಶವಾದಾಗ, ಅರುವತ್ತು ಸಾವಿರಕ್ಕೂ ಮಿಕ್ಕಿದ್ದ ಅರಬರಲ್ಲಿ ಉಳಿದವರು ಕೆಲವೇ ಸಾವಿರ. ಮೇ 14ರಂದು ಇಸ್ರೇಲ್ ಉದಯಿಸಿತು. ನೆರೆಯ ಅರಬ್ ರಾಷ್ಟ್ರಗಳ ಸೈನ್ಯಗಳು ನುಗ್ಗಿದವು. ಯುದ್ಧ ಮುಗಿಯುವ ವೇಳೆಗೆ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ನಿರಾಶ್ರಿತರಾಗಿದ್ದರು. ಮುಂದಿನ ವರ್ಷಗಳಲ್ಲಿ ಅರಬ್ ದೇಶಗಳಿಂದಲೂ ಯೆಹೂದ್ಯರು ಲಕ್ಷಗಟ್ಟಲೆ ಹೊರಬಿದ್ದು ಇಸ್ರೇಲ್ ಸೇರಿದರು.

ಎರಡು ಕಥೆಗಳು ಬೇರೆಯಾಗುವುದು ಇಲ್ಲಿಯೇ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಗುವ ದಾರಿ ತೆರೆದ ಮೇಲೆ ಗಡಿಯಾಚೆಯ ಶಿಬಿರಗಳಲ್ಲಿದ್ದವರು ತಮ್ಮ ಊರಿಗೆ ಮರಳಬಹುದಾಯಿತು. ಆ ದಿನಗಳಲ್ಲಿ ಮುಸ್ಲಿಂ ಕುಟುಂಬಗಳೂ ಅನೇಕ ಕಡೆ ಹತ್ಯೆ, ಲೂಟಿಗಳಿಗೆ ಈಡಾದುದನ್ನು ಪಂಡಿತ ಸುಂದರಲಾಲ್ ಸಮಿತಿಯ ವರದಿ ತಿಳಿಸುತ್ತದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಎರಡೂ ಸಮುದಾಯದವರು ಒಂದೇ ಸಂವಿಧಾನದಡಿ ನಾಗರಿಕರಾದರು, 1952ರಲ್ಲಿ ಒಂದೇ ಪೆಟ್ಟಿಗೆಗೆ ಮತ ಹಾಕಿದರು. ಪ್ಯಾಲೆಸ್ತೀನಿನ ನಿರಾಶ್ರಿತರ ಮರಳುವಿಕೆಯ ಬಗ್ಗೆ ವಿಶ್ವಸಂಸ್ಥೆ 1948ರ ಡಿಸೆಂಬರ್‌ನಲ್ಲಿ ಮಾಡಿದ ನಿರ್ಣಯ ಕಾರ್ಯರೂಪಕ್ಕೆ ಬರಲಿಲ್ಲ. 1967ರ ಯುದ್ಧದಲ್ಲಿ ಜೋರ್ಡಾನ್ ನದಿಯ ಪಶ್ಚಿಮದಂಡೆ ಮತ್ತು ಗಾಜಾ ಇಸ್ರೇಲಿನ ಅಧೀನವಾದಾಗ, ಅಲ್ಲಿಯ ಜನರಿಗೆ ತಮ್ಮನ್ನು ಆಳುವ ಸರ್ಕಾರವನ್ನು ಆರಿಸುವ ಮತವೂ ದೊರೆಯಲಿಲ್ಲ.

ಆ 1967ರ ಯುದ್ಧದ ಹಿಂದೆ ನೀರಿನ ಜಗಳವೂ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಸಿರವಾರ, ಮಾನ್ವಿ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ತೂಬು ತೆರೆದರೆ ಕೆಳಗೆ ಗೇಜು ಇಳಿಯುವುದನ್ನು ಅವನು ಕಂಡವನು. 1964ರಲ್ಲಿ ಇಸ್ರೇಲ್ ಗಲಿಲಿ ಸರೋವರದ ನೀರನ್ನು ದಕ್ಷಿಣದ ಬರಭೂಮಿಗೆ ಒಯ್ಯುವ ಮಹಾಕಾಲುವೆಯನ್ನು ಪೂರೈಸಿತು. ಅರಬ್ ರಾಷ್ಟ್ರಗಳು ಜೋರ್ಡಾನ್ ನದಿಯ ಮೂಲಗಳನ್ನೇ ತಿರುಗಿಸಲು ಹೊರಟವು. ಆ ಕಾಮಗಾರಿಯ ಮೇಲೆ ಇಸ್ರೇಲ್ ದಾಳಿ ನಡೆಸಿತು. ಅದಕ್ಕೆ ಹತ್ತು ವರ್ಷ ಮೊದಲು ಅಮೆರಿಕದ ಜಾನ್‌ಸ್ಟನ್ ರೂಪಿಸಿದ ಹಂಚಿಕೆಯ ಯೋಜನೆಗೆ ಎರಡು ಕಡೆಯ ತಂತ್ರಜ್ಞರೂ ಬಹುಮಟ್ಟಿಗೆ ಒಪ್ಪಿದ್ದರು. ಕೆಡಿಸಿದ್ದು ರಾಜಕೀಯ. ತುಂಗಭದ್ರೆಯ ಅಣೆಕಟ್ಟೆಯೂ ಮದರಾಸು ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನಗಳೆಂಬ ಎರಡು ಆಡಳಿತಗಳ ಜಂಟಿ ಕೆಲಸ. ಅವೆರಡೂ ನಕ್ಷೆಯಿಂದ ಮರೆಯಾದರೂ 1953ರಲ್ಲಿ ರಚಿತವಾದ ತುಂಗಭದ್ರಾ ಮಂಡಳಿ ಉಳಿದಿದೆ. ಕೃಷ್ಣೆಯ ವಿವಾದಕ್ಕೆ 1969ರಲ್ಲಿ ಬಚಾವತ್ ನ್ಯಾಯಮಂಡಳಿ ನೇಮಕವಾಯಿತು. ತೀರ್ಪಿನಿಂದ ಎಲ್ಲರಿಗೂ ತೃಪ್ತಿಯಾಯಿತೆಂದಲ್ಲ, ದೂರು ಒಯ್ಯಲು ಒಂದು ಬಾಗಿಲಿತ್ತು.

ಭಾರತವು ಇಸ್ರೇಲಿಗೆ 1950ರ ಸೆಪ್ಟೆಂಬರ್ 17ರಂದು ಮಾನ್ಯತೆ ನೀಡಿತು. ಪ್ಯಾಲೆಸ್ತೀನ್ ರಾಜ್ಯಕ್ಕೆ 1988ರಲ್ಲಿ ನೀಡಿತು. ಇಸ್ರೇಲಿನೊಡನೆ ಪೂರ್ಣ ರಾಯಭಾರ ಸಂಬಂಧ ಏರ್ಪಟ್ಟದ್ದು 1992ರಲ್ಲಿ. 1993ರ ಓಸ್ಲೋ ಒಪ್ಪಂದದಿಂದ ಚಿಗುರಿದ ಆಸೆ ಬಹುಕಾಲ ಬಾಳಲಿಲ್ಲ. ಪಶ್ಚಿಮದಂಡೆಯ ಅಂತರ್ಜಲವನ್ನು ಹಂಚಿಕೊಳ್ಳಲು 1995ರಲ್ಲಿ ಮಾಡಿದ ಏರ್ಪಾಡು ಮಧ್ಯಂತರ ಅವಧಿಯದು. ಅದರ ಸ್ಥಾನಕ್ಕೆ ಬರಬೇಕಿದ್ದ ಅಂತಿಮ ಒಪ್ಪಂದ ಬರಲೇ ಇಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಹತರಾದರು, 250ರಷ್ಟು ಜನ ಒತ್ತೆಯಾಳುಗಳಾದರು. ತರುವಾಯದ ಎರಡು ವರ್ಷಗಳ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ ಅರುವತ್ತು ಸಾವಿರವನ್ನು ಮೀರಿತು. 2025ರ ಅಕ್ಟೋಬರ್‌ನಲ್ಲಿ ಕದನವಿರಾಮ ಘೋಷಿತವಾಯಿತು. ಯುದ್ಧಾರಂಭದಲ್ಲಿಯೇ ಇಸ್ರೇಲ್ ಗಾಜಾಕ್ಕೆ ನಿಲ್ಲಿಸಿದ ಸರಬರಾಜುಗಳಲ್ಲಿ ಕುಡಿಯುವ ನೀರೂ ಒಂದಾಗಿತ್ತು. ಅಲ್ಲಿಯ ಬಾವಿಗಳ ನೀರು ಸಮುದ್ರದ ಉಪ್ಪು ಸೇರಿ ಅದಕ್ಕೂ ಬಹಳ ಮೊದಲೇ ಕೆಟ್ಟಿತ್ತು.